ಕಂಪ್ಯೂಟರ್ ಆನ್ ಆಗಿ ತಕ್ಷಣ ಆಫ್ ಆಗುತ್ತದೆ: ಎಸ್‌ಎಂಪಿಎಸ್ ಬದಲಿಸಲೇಬೇಕೇ?

ಪ್ರಶ್ನೆ: ಡೆಸ್ಕ್‌ಟಾಪ್‌ನ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಸ್ವಲ್ಪ ಹೊತ್ತಿಗೆ ಎಲ್ಲವೂ ನಿಂತುಹೋಗುತ್ತದೆ. ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆಲ್ಲ ಕರೆಂಟ್ ಒದಗಿಸುವ ಪೆಟ್ಟಿಗೆ) ಹೋಗಿದೆ ಅನ್ನುತ್ತಾರೆ. ನಿಜವೇ?

ಉತ್ತರ: ಇರಬಹುದು. ಆದರೆ ದುಡ್ಡು ಕೊಡುವ ಮೊದಲು ಗಡಿಯಾರ ಹಿಡಿದು ಕೂರಿ. ಆನ್ ಆದಮೇಲೆ ಎಷ್ಟು ಸೆಕೆಂಡ್ ಉಳಿಯುತ್ತದೆ ಎಂಬುದರಲ್ಲೇ ಅರ್ಧ ಉತ್ತರವಿದೆ. ಮೊದಲು ಯುಪಿಎಸ್ ಬಿಟ್ಟು ನೇರವಾಗಿ ಗೋಡೆಯ ಪ್ಲಗ್‌ಗೆ ಹಾಕಿ ನೋಡಿ. ಅದರ ಬ್ಯಾಟರಿ ಹಳತಾಗಿದ್ದರೆ ಕರೆಂಟ್ ಒಮ್ಮೆ ಮಿಟುಕಿದರೂ ಕಂಪ್ಯೂಟರ್ ಆಫ್ ಆಗುತ್ತದೆ.

ಪ್ರತಿಸಲ ಸುಮಾರು 4 ಸೆಕೆಂಡಿಗೆ ಸರಿಯಾಗಿ ಆಫ್ ಆದರೆ ಪವರ್ ಬಟನ್ ಒಳಗೇ ಸಿಕ್ಕಿಕೊಂಡಿರಬಹುದು. ಬಟನ್ ಅಷ್ಟು ಹೊತ್ತು ಒತ್ತಿದಂತೆ ಇದ್ದರೆ ಮದರ್‌ಬೋರ್ಡ್ (ಎಲ್ಲ ಭಾಗಗಳೂ ಜೋಡಣೆಯಾಗುವ ಮುಖ್ಯ ಬೋರ್ಡ್) ತಾನೇ ಆಫ್ ಮಾಡುತ್ತದೆ. ಬಟನ್‌ನಿಂದ ಬರುವ ಎರಡು ಪಿನ್ನಿನ ವೈರನ್ನು ಮದರ್‌ಬೋರ್ಡ್‌ನಿಂದ ಕಿತ್ತು, ಬೋರ್ಡಿನ ಆ ಎರಡು ಪಿನ್‌ಗಳಿಗೆ ಸ್ಕ್ರೂಡ್ರೈವರ್ ತುದಿಯನ್ನು ಒಂದು ಕ್ಷಣ ಮುಟ್ಟಿಸಿ. ಈಗ ಆಫ್ ಆಗದೆ ಉಳಿದರೆ ದೋಷ ಬಟನ್ನಿನದು.

ಒಂದೆರಡು ನಿಮಿಷ ನಡೆದು ಆಫ್ ಆಗುವುದು ಹೆಚ್ಚಾಗಿ ಬಿಸಿಯಿಂದ. ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ ಪರದೆ) ಪ್ರೊಸೆಸರ್ ತಾಪಮಾನ ನೋಡಿ: ಸುಮ್ಮನೆ ಇದ್ದಾಗ 30ರಿಂದ 50 ಡಿಗ್ರಿ ಸಹಜ. ಒಂದೇ ನಿಮಿಷದಲ್ಲಿ 90 ದಾಟಿದರೆ ಕೂಲರ್ ಸರಿಯಾಗಿ ಕೂತಿಲ್ಲ. ಇಂಟೆಲ್‌ನ ಹಲವು ಕೂಲರ್‌ಗಳ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳಲ್ಲಿ ಒಂದು ಎದ್ದಿದ್ದರೂ ಸಾಕು. ಪ್ರೊಸೆಸರ್ ಮತ್ತು ಕೂಲರ್ ನಡುವಿನ ಹಳೆಯ ಥರ್ಮಲ್ ಪೇಸ್ಟ್ ಒರೆಸಿ, ತೊಗರಿಕಾಳಿನಷ್ಟು ಹೊಸದು ಹಾಕಿ ಕೂರಿಸಿ. ಗೇಮ್ ಆಡುವಾಗ ಮಾತ್ರ ಆಫ್ ಆದರೆ ಗ್ರಾಫಿಕ್ಸ್ ಕಾರ್ಡ್‌ನ ಹಸಿವಿಗೆ ಎಸ್‌ಎಂಪಿಎಸ್ ಸಾಲುತ್ತಿಲ್ಲ ಎಂಬ ಅನುಮಾನ ಸರಿ.

ಒಂದೆರಡು ಸೆಕೆಂಡಿಗೇ ಸಾಯುತ್ತಿದ್ದರೆ ಎಲ್ಲೋ ಶಾರ್ಟ್ ಇದೆ, ಎಸ್‌ಎಂಪಿಎಸ್ ತನ್ನನ್ನು ಕಾಪಾಡಿಕೊಳ್ಳಲು ನಿಲ್ಲುತ್ತಿದೆ ಎಂದು ಮೊದಲು ಶಂಕಿಸಿ. ಈ ಹಂತದಲ್ಲೇ ಒಳ್ಳೆಯ ಎಸ್‌ಎಂಪಿಎಸ್ ಕಸದ ಬುಟ್ಟಿ ಸೇರುವುದು. (ಹೊಸ ರ‍್ಯಾಮ್ ಹಾಕಿದ ಮೊದಲ ಸಲ ಒಂದೆರಡು ಬಾರಿ ತಾನೇ ಆಫ್ ಆಗಿ ಆನ್ ಆಗುವುದು ಕೆಲವು ಬೋರ್ಡ್‌ಗಳಲ್ಲಿ ಸಹಜ, ಅದಕ್ಕೆ ಹೆದರಬೇಡಿ.) ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ನಿನ ಪವರ್ ವೈರ್ ಪೂರ್ತಿ ಕೂತಿದೆಯೇ ನೋಡಿ. ಆಮೇಲೆ ಪ್ಲಗ್ ಕಿತ್ತು, ಮದರ್‌ಬೋರ್ಡನ್ನು ಕ್ಯಾಬಿನೆಟ್‌ನಿಂದ ತೆಗೆದು ಒಣ ರಟ್ಟಿನ ಮೇಲಿಡಿ. ಪ್ರೊಸೆಸರ್, ಕೂಲರ್, ಒಂದೇ ರ‍್ಯಾಮ್ ಮಾತ್ರ ಇರಲಿ. ಹಾರ್ಡ್‌ಡಿಸ್ಕ್, ಗ್ರಾಫಿಕ್ಸ್ ಕಾರ್ಡ್, ಮುಂಭಾಗದ ಯುಎಸ್‌ಬಿ ವೈರ್ ಎಲ್ಲ ಬೇಡ. ಎಸ್‌ಎಂಪಿಎಸ್‌ನ ಪವರ್ ವೈರ್ ಜೋಡಿಸಿ, ಮೇಲೆ ಹೇಳಿದಂತೆ ಸ್ಕ್ರೂಡ್ರೈವರ್ ಮುಟ್ಟಿಸಿ ಆನ್ ಮಾಡಿ. ಹೀಗೆ ಆಫ್ ಆಗದೆ ಉಳಿದರೆ ಕ್ಯಾಬಿನೆಟ್‌ನಲ್ಲಿ ಬೋರ್ಡ್ ಕೂರುವ ಜಾಗದಲ್ಲಿ ಹೆಚ್ಚುವರಿ ಹಿತ್ತಾಳೆ ಸ್ಟ್ಯಾಂಡ್ (ಬೋರ್ಡನ್ನು ಎತ್ತಿ ಹಿಡಿಯುವ ಪುಟ್ಟ ಕಂಬ), ಬಿದ್ದ ಸ್ಕ್ರೂ, ಬಾಗಿದ ಯುಎಸ್‌ಬಿ ಪಿನ್ ಹುಡುಕಿ, ಬಿಚ್ಚಿಟ್ಟದ್ದನ್ನು ಒಂದೊಂದಾಗಿ ಸೇರಿಸಿ. ಯಾವುದನ್ನು ಸೇರಿಸಿದಾಗ ಆಫ್ ಆಗುತ್ತದೋ ಅದೇ ಕಳ್ಳ. ಪ್ರತಿಸಲ ಪ್ಲಗ್ ಕಿತ್ತೇ ಕೈ ಹಾಕಿ.

ಎಸ್‌ಎಂಪಿಎಸ್‌ನ 24 ಪಿನ್ ಕನೆಕ್ಟರ್ ಬಿಚ್ಚಿ ಹಸಿರು ವೈರನ್ನು ಕಪ್ಪು ವೈರಿಗೆ ಕ್ಲಿಪ್‌ನಿಂದ ಜೋಡಿಸಿ ಫ್ಯಾನ್ ತಿರುಗಿದರೆ 'ಚೆನ್ನಾಗಿದೆ' ಅನ್ನುವವರಿದ್ದಾರೆ. ಅದು ಜೀವ ಇದೆ ಎಂದಷ್ಟೇ ಹೇಳುತ್ತದೆ, ಭಾರ ಹೊರುತ್ತದೆ ಎಂದಲ್ಲ. ಕಂಪ್ಯೂಟರ್ ಸ್ವಲ್ಪ ಹೊತ್ತಾದರೂ ನಡೆಯುವುದಾದರೆ ಮಲ್ಟಿಮೀಟರ್‌ನಲ್ಲಿ ಹಳದಿ ವೈರ್ 11.4ರಿಂದ 12.6 ವೋಲ್ಟ್, ಕೆಂಪು ವೈರ್ 4.75ರಿಂದ 5.25 ವೋಲ್ಟ್ ತೋರಿಸಬೇಕು. ಇದಕ್ಕಿಂತ ಭರವಸೆಯ ಪರೀಕ್ಷೆ ಎಂದರೆ ಸ್ನೇಹಿತರ ಕಂಪ್ಯೂಟರ್‌ನಲ್ಲಿ ನಡೆಯುತ್ತಿರುವ ಎಸ್‌ಎಂಪಿಎಸ್ ತಂದು ಹಾಕಿ ನೋಡುವುದು. ನಿಮ್ಮದನ್ನು ಬಿಚ್ಚಲು ಮಾತ್ರ ಹೋಗಬೇಡಿ: ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಹೆಚ್ಚು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು.

ರಟ್ಟಿನ ಮೇಲೆ, ಬೇರೆ ಎಸ್‌ಎಂಪಿಎಸ್ ಮತ್ತು ಬೇರೆ ರ‍್ಯಾಮ್‌ನಲ್ಲೂ ಎರಡು ಸೆಕೆಂಡಿಗೇ ನಿಂತರೆ ಉಳಿಯುವುದು ಮದರ್‌ಬೋರ್ಡ್ ಅಥವಾ ಪ್ರೊಸೆಸರ್. ಹೆಚ್ಚಾಗಿ ಕೈಕೊಡುವುದು ಮದರ್‌ಬೋರ್ಡೇ.