‘ತಡೆ’ ಎಂಬಲ್ಲಿ ‘ನಡೆ’ ಎಂದು ಅಚ್ಚಾದರೆ

ಗದಗಿನ ನಮ್ಮ ಓಣಿಯಲ್ಲಿ ಹೋದ ತಿಂಗಳು ಒಂದು ಮದುವೆಯ ಮಾತುಕತೆ ಮುರಿದುಬಿತ್ತು. ಹುಡುಗಿಯ ತಂದೆ ಯಕೃತ್ತಿನ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ‘ಅದು ಜೀನ್‌ನಲ್ಲಿರುವ ರೋಗವಂತೆ, ವಂಶಕ್ಕೇ ಬರುತ್ತದೆಯಂತೆ’ ಎಂದರು ಗಂಡಿನ ಕಡೆಯವರು. ಮೊದಲ ಮಾತು ನಿಜ, ಎರಡನೆಯದು ಹೆಚ್ಚುಪಾಲು ಸುಳ್ಳು. ಈ ಕ್ಯಾನ್ಸರಿನಲ್ಲಿ ಕೆಟ್ಟ ಜೀನ್‌ಗಳು ಬಹುತೇಕ ಕೆಡುವುದು ಬದುಕಿನ ನಡುವೆ, ಯಕೃತ್ತಿನ ಜೀವಕೋಶದೊಳಗೆ. ಅಲ್ಲಿ ಆದ ತಪ್ಪು ಮಗಳಿಗೆ ಇಳಿಯಲು ದಾರಿಯೇ ಇಲ್ಲ.

ಹೇಗೆ ಕೆಡುತ್ತದೆ? ಶೇಂಗಾ ಹಸನು ಮಾಡುವಾಗ ಅವ್ವ ಮೊರದಿಂದ ಒಂದೊಂದೇ ಕಾಳು ಎತ್ತಿ ಎಸೆಯುವುದನ್ನು ನೋಡಿದ್ದೀರಲ್ಲ? ಸುಕ್ಕುಗಟ್ಟಿದ್ದು, ಕಪ್ಪಿಟ್ಟದ್ದು, ಹಳದಿ ಹಸಿರು ಪುಡಿ ಮೆತ್ತಿದ್ದು. ಆ ಪುಡಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು. ಅದು ತಯಾರಿಸುವ ವಿಷ ಅಫ್ಲಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ, ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿಯ ಜಾಡು ಹಿಡಿದು ಈ ವಿಷವನ್ನು ಕಂಡುಹಿಡಿದರು. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಹುರಿದರೆ ಹೋಗುವ ವಿಷವಲ್ಲ ಇದು. ಎಸೆಯುವ ಕಾಳನ್ನು ಎಮ್ಮೆಗೂ ಹಾಕಬೇಡಿ, ಹಾಲಿಗೆ ಇಳಿಯುತ್ತದೆ.

ವಿಷವನ್ನು ಹೊರಹಾಕಲೆಂದು ಯಕೃತ್ತು ಅದಕ್ಕೆ ಆಮ್ಲಜನಕ ಸೇರಿಸುತ್ತದೆ. ಅಲ್ಲೇ ಎಡವಟ್ಟು. ಹೊಸ ರೂಪದ ವಿಷ, ಜೀನ್‌ಗಳ ಬರಹವಾದ ಡಿಎನ್‌ಎಯ ‘ಜಿ’ ಅಕ್ಷರಕ್ಕೆ ಗೋಂದಿನಂತೆ ಅಂಟುತ್ತದೆ. ಕೋಶ ತನ್ನ ಪ್ರತಿ ತೆಗೆಯುವಾಗ ಆ ಮಸುಕಾದ ಅಕ್ಷರ ‘ಟಿ’ ಆಗಿಬಿಡುತ್ತದೆ. ನಮ್ಮ ಊರಿಗೆ ಮುದ್ರಣ ಕಾಶಿ ಎಂಬ ಹೆಸರಿದೆ. ಒಂದು ಮೊಳೆ ತಪ್ಪಿ ಕುಳಿತರೆ ಏನಾಗುತ್ತದೆಂದು ಇಲ್ಲಿನ ಹಳೆಯ ಅಚ್ಚುಮೊಳೆ ಜೋಡಿಸುವವರಿಗೆ ಹೇಳಿಕೊಡಬೇಕಿಲ್ಲ. ‘ತಡೆ’ಯ ಮೊದಲ ಮೊಳೆ ಬದಲಾದರೆ ‘ನಡೆ’. ಪಿ53 ಎಂಬ ಜೀನ್ ಕೆಟ್ಟ ಕೋಶಕ್ಕೆ ‘ತಡೆ, ಇಬ್ಭಾಗವಾಗಬೇಡ’ ಎನ್ನುವ ಕಾವಲುಗಾರ. ಇಳಿಜಾರಿನಲ್ಲಿ ಚಕ್ಕಡಿಯ ಗಾಲಿಗೆ ಕೊಡುವ ಕಲ್ಲು ಎನ್ನಿ. ಜೀನ್‌ನ ಬರಹದಲ್ಲಿ ಮೂರು ಅಕ್ಷರಕ್ಕೆ ಒಂದು ಪದ, ಒಂದು ಪದಕ್ಕೆ ಪ್ರೋಟೀನ್ ಸರದ ಒಂದು ಮಣಿ. ಪಿ53ರ 249ನೆಯ ಪದದ ಮೂರನೆಯ ಅಕ್ಷರ ಅಫ್ಲಟಾಕ್ಸಿನ್ನಿಗೆ ಸುಲಭದ ಗುರಿ. ಅಲ್ಲಿ ಅರ್ಜಿನೈನ್ ಎಂಬ ಮಣಿ ಹೋಗಿ ಸೆರೈನ್ ಎಂಬ ಮಣಿ ಬಂದರೆ ಕಲ್ಲು ಸರಿಯಿತು. 1991ರಲ್ಲಿ ಚೀನಾದ ಕಿಡಾಂಗ್‌ನ ರೋಗಿಗಳಲ್ಲಿ ಒಂದು ತಂಡ, ಆಫ್ರಿಕಾ ಖಂಡದ ದಕ್ಷಿಣ ಭಾಗದ ರೋಗಿಗಳಲ್ಲಿ ಇನ್ನೊಂದು ತಂಡ, ಇದೇ ಜಾಗದಲ್ಲಿ ಇದೇ ತಪ್ಪನ್ನು ಕಂಡವು. ಎಷ್ಟೋ ವರ್ಷದ ಹಿಂದೆ ಹೊಟ್ಟೆಗೆ ಹೋದ ಬೂಷ್ಟು ತನ್ನ ಹೆಬ್ಬೆರಳ ಗುರುತನ್ನು ಜೀನ್‌ನ ಮೇಲೆ ಒತ್ತಿ ಹೋಗಿರುತ್ತದೆ! ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಸಾರಾಯಿ, ಕೊಬ್ಬುಗಟ್ಟಿದ ಯಕೃತ್ತು, ಹೆಪಟೈಟಿಸ್ ಸಿ ಕೂಡ ಕಾರಣಗಳೇ. ಆದರೆ ‘ವಂಶದ ಶಾಪ’ ಎಂಬ ಮಾತು ಹುಟ್ಟಿಸುವುದು ಹೆಪಟೈಟಿಸ್ ಬಿ ವೈರಸ್. ಅದು ತನ್ನ ಡಿಎನ್‌ಎ ತುಣುಕನ್ನೇ ನಮ್ಮ ಡಿಎನ್‌ಎಯೊಳಗೆ ತೂರಿಸುತ್ತದೆ. ಜೊತೆಗೆ ಅಫ್ಲಟಾಕ್ಸಿನ್ನೂ ಸೇರಿದರೆ ಅಪಾಯ ಹಲವು ಪಟ್ಟು. ಈ ವೈರಸ್ ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ದಾಟುವುದರಿಂದ ಅಣ್ಣತಮ್ಮಂದಿರು ಸಾಲಾಗಿ ಕಾಯಿಲೆ ಬೀಳುತ್ತಾರೆ, ಜನ ನಾಗದೋಷ ಹುಡುಕುತ್ತಾರೆ. ಮಗು ಹುಟ್ಟಿದ 24 ಗಂಟೆಯೊಳಗೆ ಹಾಕುವ ಲಸಿಕೆ ಈ ದಾರಿಗೆ ಅಡ್ಡ ನಿಲ್ಲುತ್ತದೆ.

ಹುಡುಗಿಯ ತಾಯಿ ಆಸ್ಪತ್ರೆಯ ಹಳೆಯ ಕಡತ ತಂದು ತೋರಿಸಿದರು. ತಂದೆಗೆ ಹೆಪಟೈಟಿಸ್ ಬಿ ಇತ್ತು. ಬರುವ ಸೋಮವಾರ ಮನೆಯವರೆಲ್ಲ ರಕ್ತಪರೀಕ್ಷೆಗೆ ಹೋಗುತ್ತಿದ್ದಾರೆ; ಸೋಂಕಿಲ್ಲದವರಿಗೆ ಲಸಿಕೆ, ಇದ್ದವರಿಗೆ ವೈದ್ಯರು ಬೇಕೆಂದರೆ ಔಷಧಿ. ಗಂಡಿನ ಮನೆಗೂ ಒಮ್ಮೆ ಹೋಗಿ ಬರುತ್ತೇನೆ ಎಂದಿದ್ದೇನೆ.