ಹದ: ಫಿಟ್ಟರ್ ಚಾಕು ಮಾಡಲು ಕೂತಾಗ

ಪುಣೆಯ ಭೋಸರಿ, ಚಿಂಚವಾಡ ಕಡೆಯ ಟೂಲ್‌ರೂಮುಗಳಲ್ಲಿ, ಅಂದರೆ ಕಾರ್ಖಾನೆಗೆ ಬೇಕಾದ ಅಚ್ಚು, ಸಲಕರಣೆ ಮಾಡುವ ಜಾಗಗಳಲ್ಲಿ, ನಮ್ಮ ಕಲಬುರಗಿ, ವಿಜಯಪುರದ ಕಡೆಯವರು ಸಿಗುತ್ತಾರೆ. ಫೈಲ್, ಗ್ರೈಂಡರ್, ವರ್ನಿಯರ್ ಇವರಿಗೆ ಹೊಸದಲ್ಲ. ಅಂಥವರು ಚಾಕು ಮಾಡಲು ಕೂತರೆ ಆಕಾರ ಬೇಗ ಬಂದುಬಿಡುತ್ತದೆ. ಕೈಕೊಡುವುದು ಹದ. ಯಾಕೆಂದರೆ ಟೂಲ್‌ರೂಮಿನಲ್ಲಿ ಪಂಚು, ಡೈ ಎಂಬ ಅಚ್ಚುಗಳು ತಯಾರಾದ ಮೇಲೆ ಚಲನ್ ಬರೆದು ಹೊರಗಡೆ ಹೀಟ್ ಟ್ರೀಟ್‌ಮೆಂಟ್‌ಗೆ ಕಳಿಸುತ್ತಾರೆ. ಗಟ್ಟಿಯಾಗಿ ವಾಪಸ್ ಬರುತ್ತದೆ. ನಡುವೆ ಏನು ನಡೆಯಿತು ಅನ್ನೋದನ್ನು ಎಷ್ಟೋ ಫಿಟ್ಟರುಗಳು ಕಣ್ಣಾರೆ ನೋಡಿರುವುದೇ ಇಲ್ಲ.

ಉಕ್ಕನ್ನು ಕಾಯಿಸಿ, ತಟ್ಟನೆ ತಣಿಸಿ, ಮತ್ತೆ ಸ್ವಲ್ಪ ಕಾಯಿಸಿ, ಕೆಲಸಕ್ಕೆ ಬೇಕಾದಷ್ಟೇ ಗಡಸುತನ ತರುವುದಕ್ಕೆ ಹದ ಹಾಕುವುದು ಅನ್ನುತ್ತೇವೆ. ಇಲ್ಲಿಯ ಮರಾಠಿ ಲೋಹಾರರು ಪಾಣಿ ದೇಣೆ ಅನ್ನುತ್ತಾರೆ. ಕಾರ್ಖಾನೆಯ ಮಾತಲ್ಲಿ ಇದು ಎರಡು ಕೆಲಸ: ಹಾರ್ಡನಿಂಗ್, ಆಮೇಲೆ ಟೆಂಪರಿಂಗ್.

ಉಕ್ಕು 727 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದರೊಳಗಿನ ಜೋಡಣೆ ಬದಲಾಗುತ್ತದೆ, ಕಾರ್ಬನ್ ಕಬ್ಬಿಣದಲ್ಲಿ ಕರಗಿ ಸೇರಿಕೊಳ್ಳುತ್ತದೆ. ನಿಧಾನವಾಗಿ ಆರಲು ಬಿಟ್ಟರೆ ಕಾರ್ಬನ್ ಮತ್ತೆ ಹೊರಬಂದು ಬೇರೆ ಕೂರುತ್ತದೆ, ಉಕ್ಕು ಮೆತ್ತಗೇ ಉಳಿಯುತ್ತದೆ. ಎಣ್ಣೆಗೆ ಅದ್ದಿ ತಟ್ಟನೆ ತಣಿಸಿದರೆ ಹೊರಬರಲು ಸಮಯವೇ ಸಿಗುವುದಿಲ್ಲ. ಒಳಗೇ ಸಿಕ್ಕಿಬಿದ್ದು ಇಡೀ ಜೋಡಣೆಯನ್ನು ಬಿಗಿ ಮಾಡುತ್ತದೆ. ಇದಕ್ಕೆ ಮಾರ್ಟೆನ್‌ಸೈಟ್ ಅಂತ ಹೆಸರು. ಈಗ ಫೈಲ್ ಇಟ್ಟು ಉಜ್ಜಿದರೆ ಕಚ್ಚುವುದಿಲ್ಲ, ಜಾರುತ್ತದೆ. ಆದರೆ ಈ ಸ್ಥಿತಿಯಲ್ಲಿ ಚಾಕು ಕೈಜಾರಿ ನೆಲಕ್ಕೆ ಬಿದ್ದರೆ ಗಾಜಿನ ಹಾಗೆ ಎರಡು ತುಂಡಾಗಬಹುದು. ಅದಕ್ಕೇ ಟೆಂಪರಿಂಗ್: ತಡಮಾಡದೆ ಸುಮಾರು 200 ಡಿಗ್ರಿಯಲ್ಲಿ ಎರಡು ತಾಸು, ಆರಿದ ಮೇಲೆ ಇನ್ನೊಮ್ಮೆ ಎರಡು ತಾಸು. ಗಡಸುತನ ಒಂದಿಷ್ಟು ಇಳಿಯುತ್ತದೆ, ಮುರಿಯದೆ ತಾಳುವ ಗುಣ ಬರುತ್ತದೆ.

ಊರಿನ ಕಂಬಾರ ಇದನ್ನೆಲ್ಲ ಒಂದೇ ಕಾವಿನಲ್ಲಿ ಮುಗಿಸುತ್ತಾನೆ. ಕುಡುಗೋಲಿನ ಬಾಯಿಯನ್ನಷ್ಟೇ ನೀರಿಗೆ ಅದ್ದುತ್ತಾನೆ. ಬೆನ್ನು ಇನ್ನೂ ಕೆಂಪಗಿರುತ್ತದೆ. ಹೊರತೆಗೆದು ಬಾಯಿಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ ನೋಡುತ್ತಾ ನಿಲ್ಲುತ್ತಾನೆ. ಬೆನ್ನಿನ ಕಾವು ಬಾಯಿಯ ಕಡೆ ಹರಿದಂತೆ ಬಣ್ಣ ಓಡುತ್ತದೆ: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ನೀಲಿ. ಹಳದಿ ಅಂದರೆ ಸುಮಾರು 220 ಡಿಗ್ರಿ, ನೀಲಿ ಅಂದರೆ 300ರ ಹತ್ತಿರ. ತನಗೆ ಬೇಕಾದ ಬಣ್ಣ ಬಾಯಿಗೆ ಬಂದ ಕೂಡಲೇ ಪೂರ್ತಿ ನೀರಿಗೆ ಹಾಕುತ್ತಾನೆ. ಇದು ಸುಮ್ನೆ ಕೈಗುಣವಲ್ಲ, ಕಣ್ಣಲ್ಲೇ ಉಷ್ಣ ಅಳೆಯುವ ವಿದ್ಯೆ. ಆದರೆ ನೀರು ತಣಿಸುವ ವೇಗಕ್ಕೆ ತೆಳು ಅಲಗು ಬಿರುಕು ಬಿಡುವುದು ಜಾಸ್ತಿ. ಹೊಸಬರಿಗೆ ಎಣ್ಣೆಯೇ ವಾಸಿ. ನಮ್ಮ ಶೇಂಗಾ ಎಣ್ಣೆಯೂ ನಡೆಯುತ್ತದೆ, 50-60 ಡಿಗ್ರಿಗೆ ಬೆಚ್ಚಗೆ ಮಾಡಿ. ಡಬ್ಬ ಕಬ್ಬಿಣದ್ದೇ ಇರಲಿ, ಮುಚ್ಚಳ ಪಕ್ಕದಲ್ಲೇ ಇರಲಿ, ಎಣ್ಣೆಗೆ ಬೆಂಕಿ ಹತ್ತುವುದುಂಟು. ಹಳೆಯ ಎಂಜಿನ್ ಆಯಿಲ್ ಬೇಡ. ಅದರ ಹೊಗೆ ಕೆಟ್ಟದ್ದು.

ಇನ್ನು ಉಕ್ಕು. ಪುಣೆಯ ಹಳೆ ಸಾಮಾನಿನ ಸಂತೆ ಜೂನಾ ಬಜಾರ್‌ಗೆ ಹೋದರೆ ತುಕ್ಕು ಹಿಡಿದ ಪಟ್ಟಿ, ಬೇರಿಂಗು, ಲಾರಿಯ ಸ್ಪ್ರಿಂಗು ಅಗ್ಗಕ್ಕೆ ಸಿಗುತ್ತವೆ, ಕೈ ತಡೆಯುವುದಿಲ್ಲ. ನನ್ನ ಮಾತು ಕೇಳಿದರೆ ಮೊದಲ ಚಾಕುವಿಗೆ ಇವು ಬೇಡ. ಯಾವ ಉಕ್ಕು ಅಂತ ಗೊತ್ತಿಲ್ಲದಿದ್ದರೆ ಯಾವ ಉಷ್ಣಕ್ಕೆ ಅದ್ದಬೇಕು ಅನ್ನೋದೂ ಗೊತ್ತಿರಲ್ಲ, ಅಲ್ವಾ? ಓಡಿ ಸವೆದ ಸ್ಪ್ರಿಂಗಿನಲ್ಲಿ ಕಣ್ಣಿಗೆ ಕಾಣದ ಬಿರುಕೂ ಇರಬಹುದು. ಎಂಎಸ್ (ಮೈಲ್ಡ್ ಸ್ಟೀಲ್, ಮೆತ್ತನೆ ಉಕ್ಕು) ಪಟ್ಟಿಯಲ್ಲಿ ಕಾರ್ಬನ್ ಶೇಕಡಾ 0.2ರ ಆಸುಪಾಸು, ಎಷ್ಟು ಕಾಯಿಸಿ ಅದ್ದಿದರೂ ಧಾರ ನಿಲ್ಲುವಷ್ಟು ಗಡಸಾಗುವುದಿಲ್ಲ. ಇಎನ್8 ಅನ್ನುವ ಉಕ್ಕಿನಲ್ಲಿ 0.4, ಅದೂ ಸಾಲದು. 0.6ರಿಂದ 1ರವರೆಗೆ ಇರಬೇಕು.

ಟೂಲ್‌ರೂಮಿನವರಿಗೆ ಒಂದು ಅನುಕೂಲ ಇದೆ. ಒಎಚ್‌ಎನ್‌ಎಸ್ ಎಂಬ ಟೂಲ್ ಉಕ್ಕು ಅವರಿಗೆ ದಿನದ ಮಾತು. ಅದರಲ್ಲಿ ಕಾರ್ಬನ್ ಶೇಕಡಾ 0.9ರ ಹತ್ತಿರ, ಎಣ್ಣೆಗೇ ಹೇಳಿ ಮಾಡಿಸಿದ ಉಕ್ಕು, ಒಳ್ಳೆಯ ಚಾಕು ಆಗುತ್ತದೆ. ತೊಡಕು ಒಂದೇ: ಅದನ್ನು 800 ಡಿಗ್ರಿಯ ಆಸುಪಾಸಿನಲ್ಲಿ ಸ್ವಲ್ಪ ಹೊತ್ತು ಉಷ್ಣ ಏರಿಳಿಯದಂತೆ ಇಡಬೇಕು. ಇದ್ದಿಲ ಒಲೆಯಲ್ಲಿ ಅದು ಕಷ್ಟ. ಹಾಗಾಗಿ ಮೊದಲನೆಯದನ್ನು ಹೀಟ್ ಟ್ರೀಟ್‌ಮೆಂಟ್‌ನವರಿಗೇ ಕೊಡಿ, ಚಲನ್ ಮೇಲೆ 58-60 ಎಚ್‌ಆರ್‌ಸಿ ಅಂತ ಬರೆಯಿರಿ, ಅದು ಗಡಸುತನದ ಅಳತೆ. ಬೆಂಕಿ ಮುಟ್ಟದೆ ಚಾಕು ಮಾಡಿದರೆ ಏನು ಮಜಾ ಅನ್ನುವವರಿದ್ದಾರೆ. ಅವರು 1080ಯಂಥ ಸಾದಾ ಕಾರ್ಬನ್ ಉಕ್ಕು ಹುಡುಕಲಿ. ಅದು ಕಾದು ಒಳಗಿನ ಜೋಡಣೆ ಬದಲಾದ ಮೇಲೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಲ್ಲಿಂದ ಇನ್ನು ಸ್ವಲ್ಪ ಕೆಂಪಗಾಗಲು ಬಿಟ್ಟು ಅದ್ದಬೇಕು. ನೆರಳಲ್ಲಿ ಮಾಡಿ, ಬಿಸಿಲಲ್ಲಿ ಕೆಂಪು ಕಾಣುವುದಿಲ್ಲ. ಟೆಂಪರಿಂಗ್‌ಗೆ ಮನೆಯ ಒಟಿಜಿ ಓವನ್ ಸಾಕು. ಆದರೆ ಅದರ ಗುಂಡಿಯನ್ನು ನಂಬಬೇಡಿ, ಒಳಗೊಂದು ಓವನ್ ಥರ್ಮಾಮೀಟರ್ ಇಡಿ.

ಅನುಭವ ಇರುವವರೇ ಎಡವುವ ಜಾಗಗಳಿವೆ. ಅಭ್ಯಾಸಬಲದಿಂದ ಬಾಯಿಯನ್ನು ಮೊದಲೇ ಚೂಪು ಮಾಡಿಬಿಡುತ್ತಾರೆ, ಅದ್ದಿದಾಗ ಅದು ಸೊಟ್ಟಗಾಗುತ್ತದೆ. ಹದಕ್ಕೆ ಮುಂಚೆ ಬಾಯಿಯಲ್ಲಿ 1 ಮಿಲಿಮೀಟರ್‌ನಷ್ಟು ದಪ್ಪ ಉಳಿಸಬೇಕು. ಹಿಡಿಯ ಪಿನ್ನುಗಳಿಗೆ ತೂತು ಮಾತ್ರ ಮೊದಲೇ ಹೊಡೆಯಬೇಕು, ಆಮೇಲೆ ಡ್ರಿಲ್ ಹೋಗುವುದಿಲ್ಲ. ಹದ ಆದ ಮೇಲೆ ಗ್ರೈಂಡ್ ಮಾಡುವಾಗ ಕೈಗವಸು ತೆಗೆದಿಡಿ. ಬೆರಳಿಗೆ ಬಿಸಿ ತಾಗಿತೋ, ನೀರಿಗೆ ಅದ್ದಿ. ತುದಿ ಒಮ್ಮೆ ನೀಲಿಯಾದರೆ ಅಲ್ಲಿಯ ಹದ ಹೋಯಿತು ಅಂತಲೇ ಲೆಕ್ಕ.

ಅಳತೆಯದ್ದೂ ಒಂದು ಮಾತು. ಮನೆ, ಹೊಲ, ಕಾರ್ಖಾನೆ ಕೆಲಸಕ್ಕಲ್ಲದೆ ಮಾಡಿದ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಶಸ್ತ್ರಾಸ್ತ್ರ ನಿಯಮದ ಪಟ್ಟಿಗೆ ಬರುತ್ತದೆ. ಕೊಯ್ತಾ (ಕುಡುಗೋಲಿನಂಥ ಮಚ್ಚು) ಅಂದರೆ ಪುಣೆ ಪೊಲೀಸರ ಕಿವಿ ಈಗ ಮೊದಲೇ ನೆಟ್ಟಗಿದೆ. ತರಕಾರಿ ಹೆಚ್ಚುವ 4 ಇಂಚಿನ ಚಾಕುವಿಂದ ಶುರು ಮಾಡುವುದು ಎಲ್ಲ ರೀತಿಯಲ್ಲೂ ಸಲೀಸು.

ಹದ ಸರಿ ಬಂತೋ ಇಲ್ಲವೋ ನೋಡಲು ಒಂದು ಹಿತ್ತಾಳೆ ಸರಳು ಸಾಕು. ಧಾರ ಮಾಡಿದ ಬಾಯಿಯನ್ನು ಅದರ ಮೇಲೆ ಓರೆಯಾಗಿ ಒತ್ತಿ ಎಳೆಯಿರಿ. ಧಾರದ ಅಂಚು ಬಾಗಿ ಮತ್ತೆ ನೆಟ್ಟಗಾದರೆ ಹದ ಬಂದಿದೆ. ಚಕ್ಕೆ ಎದ್ದರೆ ಗಡಸು ಜಾಸ್ತಿ, 15 ಡಿಗ್ರಿ ಏರಿಸಿ ಇನ್ನೊಮ್ಮೆ ಟೆಂಪರ್ ಮಾಡಿ. ಬಾಗಿದ್ದು ಬಾಗಿಯೇ ಉಳಿದರೆ ಹಾರ್ಡನಿಂಗ್‌ನಿಂದ ಮತ್ತೆ ಶುರು.