ಮನೆ ಮುಂದಿನ ಕಾಂಕ್ರೀಟ್ ಮೇಲೆ ನೀರಿನ ಟ್ಯಾಂಕರ್ ಹತ್ತಿಸಬಹುದಾ? ಲೆಕ್ಕ ಹಾಕಿ ನೋಡೋಣ

‘ಗೇಟಿನಿಂದ ಒಳಗೆ ನಾಲ್ಕು ಇಂಚು ಕಾಂಕ್ರೀಟ್ ಹಾಕಿಸಿದೀನಿ ಕಣೋ. 12,000 ಲೀಟರ್ ಟ್ಯಾಂಕರ್ ಒಳಗೆ ಬಂದ್ರೆ ತಡೆಯುತ್ತಾ? ಸಿವಿಲ್ ಓದ್ತಿದ್ದೀಯಲ್ಲ, ಹೇಳು.’ ಬೇಸಿಗೆಯಲ್ಲಿ ಚಿಕ್ಕಪ್ಪ ಹೀಗೆ ಕೇಳಿದಾಗ ನಾನು ಸುಮ್ನೆ ತಲೆ ಕೆರೆದುಕೊಂಡಿದ್ದೆ. ಆಮೇಲೆ ಕೂತು ಹಾಕಿದ ಲೆಕ್ಕ ಇದು. ಪರೀಕ್ಷೆಗೂ ಉಪಯೋಗಕ್ಕೆ ಬರುತ್ತದೆ.

ಮೊದಲು ಭಾರ. 12,000 ಲೀಟರ್ ನೀರು ಅಂದರೆ 12 ಟನ್. ಲಾರಿಯದ್ದೂ ಸೇರಿದರೆ 18 ಟನ್ ಹತ್ತಿರ ಹೋಗುತ್ತದೆ. ಆದರೆ ಚಪ್ಪಡಿಗೆ ಒಟ್ಟು ಭಾರ ಗೊತ್ತಾಗುವುದಿಲ್ಲ, ಅದಕ್ಕೆ ಗೊತ್ತಾಗುವುದು ಚಕ್ರ ಮಾತ್ರ. 2018ರ ನಿಯಮದ ಪ್ರಕಾರ ನಾಲ್ಕು ಟೈರಿನ ಹಿಂದಿನ ಆಕ್ಸಲ್ (ಚಕ್ರಗಳ ಅಡ್ಡದಂಡ) 11.5 ಟನ್ ತನಕ ಹೊರಬಹುದು. ಒಂದು ಬದಿಯ ಜೋಡಿ ಟೈರಿಗೆ 5 ಟನ್ ಅಂತ ಇಟ್ಟುಕೊಳ್ಳಿ. ಕಾರಿನ ಒಂದು ಚಕ್ರಕ್ಕೆ ಬರುವುದು ಸುಮಾರು 400 ಕೆಜಿ.

ಇಲ್ಲಿ ನಾನು ಎಡವಿದ್ದೆ. ಲಾರಿ ಟೈರಿನ ಒತ್ತಡ ಒಂದು ಚದರ ಸೆಂಟಿಮೀಟರಿಗೆ ಸುಮಾರು 8 ಕೆಜಿ, ಮನೆ ಕಟ್ಟಲು ಬಳಸುವ ಎಂ20 ದರ್ಜೆಯ ಕಾಂಕ್ರೀಟ್ ತಡೆಯುವುದು 200 ಕೆಜಿ, ಮತ್ತೇನು ಭಯ ಅಂತ ಬರೆದುಬಿಟ್ಟಿದ್ದೆ. ತಪ್ಪು. ಕಾಂಕ್ರೀಟ್ ಜಜ್ಜಿ ಹೋಗುವುದಿಲ್ಲ, ಬಾಗಿ ಒಡೆಯುತ್ತದೆ. ಬಾಗುವಾಗ ಎಂ20ರ ಶಕ್ತಿ, ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ, 0.7 ಗುಣಿಸು 20ರ ವರ್ಗಮೂಲ, ಅಂದರೆ 3.1 ಎಂಪಿಎ (ಮೆಗಾಪ್ಯಾಸ್ಕಲ್; ಚದರ ಸೆಂಟಿಮೀಟರಿಗೆ ಸುಮಾರು 31 ಕೆಜಿ) ಅಷ್ಟೇ.

ಚಪ್ಪಡಿ ಮೊದಲು ಸೋಲುವುದು ಮೂಲೆಯಲ್ಲಿ. ಹಳೆಯ ಸರಳ ಸೂತ್ರ ಇದೆ: ಚಕ್ರದ ಭಾರವನ್ನು 3ರಿಂದ ಗುಣಿಸಿ, ದಪ್ಪದ ವರ್ಗದಿಂದ ಭಾಗಿಸಿ (ಭಾರ ನ್ಯೂಟನ್‌ನಲ್ಲಿ, ದಪ್ಪ ಮಿ.ಮೀ.ನಲ್ಲಿ; 1 ಕೆಜಿ ಅಂದರೆ ಸುಮಾರು 10 ನ್ಯೂಟನ್). ನಾಲ್ಕು ಇಂಚು, ಅಂದರೆ ಸುಮಾರು 100 ಮಿ.ಮೀ. ದಪ್ಪಕ್ಕೆ ಕಾರಿಂದ 1.2 ಎಂಪಿಎ ಬರುತ್ತದೆ, ಆರಾಮ. ಲಾರಿಯಿಂದ 15! ಈ ಸೂತ್ರ ಕೆಳಗಿನ ಮಣ್ಣಿನ ಆಸರೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಣ್ಣನ್ನೂ ಟೈರಿನ ಅಗಲವನ್ನೂ ಸೇರಿಸುವ ವೆಸ್ಟರ್‌ಗಾರ್ಡ್ ಸೂತ್ರದಲ್ಲಿ, ಮಣ್ಣು ಸಾಧಾರಣ ಗಟ್ಟಿ ಅಂದುಕೊಂಡು ಹಾಕಿದರೆ ನನಗೆ 5.7 ಬಂತು. ಆದರೂ 3.1ಕ್ಕಿಂತ ಜಾಸ್ತಿಯೇ ಅಲ್ವಾ? ದಪ್ಪ ಆರು ಇಂಚು ಮಾಡಿದರೆ 3.2ಕ್ಕೆ ಇಳಿಯುತ್ತದೆ, ಅಂದರೆ ಅಂಚಿನ ಮೇಲೆ ನಿಂತ ಹಾಗೆ. ಎಂದೋ ಒಮ್ಮೆ ಬಂದು ಹೋದರೆ ಬಚಾವಾಗಬಹುದು, ವಾರಕ್ಕೆರಡು ಸಲ ಬಂದರೆ ಬಿರುಕು ಖಚಿತ ಅಂತಲೇ ನನ್ನ ಅಂದಾಜು.

‘ಕಂಬಿ ಹಾಕಿದೀವಲ್ಲ’ ಅನ್ನುತ್ತಾರೆ. ಮೂಲೆ ಕೆಳಗೆ ಬಾಗಿದಾಗ ಎಳೆತ ಬರುವುದು ಮೇಲ್ಮೈಯಲ್ಲಿ. ನಮ್ಮ ಕಡೆ ಜಾಲರಿ ನೆಲಕ್ಕೇ ಅಂಟಿಕೊಂಡು ಮಲಗಿರುತ್ತದೆ. ಅದರಿಂದ ಮೂಲೆಗೆ ಏನು ಉಪಯೋಗ?

ಇಷ್ಟೆಲ್ಲ ಲೆಕ್ಕ ಕೆಳಗಿನ ಮಣ್ಣು ಚೆನ್ನಾಗಿದ್ದರೆ ಮಾತ್ರ. ದಮ್ಮಸು ಹೊಡೆಯದೆ ತುಂಬಿದ ಮಣ್ಣು ಒಂದೆರಡು ಮಳೆಗೆ ಕುಸಿಯುತ್ತದೆ, ಆಗ ಚಪ್ಪಡಿ ಗಾಳಿಯಲ್ಲಿ ನಿಂತಂತೆ. ಹುಬ್ಬಳ್ಳಿ, ವಿಜಯಪುರದ ಕಡೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ, ಅಂಚಿನ ಆಸರೆ ತಪ್ಪುತ್ತದೆ. ಕಬ್ಬಿಣದ ಸಲಾಕೆಯಿಂದ ಕುಟ್ಟಿ ನೋಡಿ. ಡೊಳ್ಳು ಸದ್ದು ಬಂದರೆ ಕೆಳಗೆ ಟೊಳ್ಳು.

ಇನ್ನು ನಿಜವಾಗಿ ಹೆದರಬೇಕಾದದ್ದು ಸಂಪು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಅದು ಇರುವುದು ಕಾರು ನಿಲ್ಲಿಸುವ ಜಾಗದ ಕೆಳಗೇ. ಮೇಲೆ ಟೈಲ್ಸ್ ಹಾಕಿದ ಮೇಲೆ ನೆಲ ಯಾವುದು, ಸಂಪಿನ ಮುಚ್ಚಳದ ಚಪ್ಪಡಿ ಯಾವುದು ಅಂತ ಲಾರಿ ಡ್ರೈವರಿಗೆ ಹೇಗೆ ಗೊತ್ತಾಗಬೇಕು? ಆ ಚಪ್ಪಡಿಗೆ ಕೆಳಗೆ ಮಣ್ಣಿಲ್ಲ, ಗೋಡೆಯಿಂದ ಗೋಡೆಗೆ ಹಾಸಿರುವುದು. ಕಟ್ಟಡಗಳ ಮೇಲಿನ ಭಾರದ ಮಾನಕ ಐಎಸ್ 875ರಲ್ಲಿ ಕಾರು ನಿಲ್ಲಿಸುವ ನೆಲಕ್ಕೆ ಹೇಳಿರುವ ಚದರ ಮೀಟರಿಗೆ 2.5 ಕಿಲೋನ್ಯೂಟನ್ (ಸುಮಾರು 250 ಕೆಜಿ) ಅನ್ನುವುದು 2.5 ಟನ್ ತನಕದ ಗಾಡಿಗಳಿಗೆ. 18 ಟನ್ನಿಗಲ್ಲ. ನೆಲದ ಚಪ್ಪಡಿ ಸೋತರೆ ಬಿರುಕು, ಸಂಪಿನದು ಸೋತರೆ ಚಕ್ರವೇ ಒಳಗೆ.

ಚಿಕ್ಕಪ್ಪನ ಮನೆ ಸಂಪು ಗೇಟಿನಿಂದ ಆರು ಅಡಿ ಒಳಗಿದೆ. ಟ್ಯಾಂಕರ್ ರಸ್ತೆಯಲ್ಲೇ ನಿಲ್ಲಲಿ, ಇನ್ನೊಂದು ಇಪ್ಪತ್ತು ಅಡಿ ಪೈಪು ತಗೊಳ್ಳಿ ಅಂದೆ.